ಎರಡೇ ಖಾನೆ

ಆರು ವರ್ಷದ ಹುಡುಗಿಯೊಬ್ಬಳು ಹೇಳಿದ ದಿನ, ಹೇಳಿದ ಹೊತ್ತಿಗೆ, ಎರಡು ಸಲ ಹಲ್ಲಿನ ಆಸ್ಪತ್ರೆಗೆ ಬಂದಳು. ಎರಡು ಸಲವೂ ಪುಸ್ತಕದಲ್ಲಿ ‘ಬರಲಿಲ್ಲ’ ಎಂದು ಬರೆದರು.

ಅವಳ ಎಂಟು ಹಲ್ಲು ಹುಳುಕಾಗಿದ್ದವು, ಎರಡರ ಬುಡದಲ್ಲಿ ಕೀವು. ಎಚ್ಚರವಿರುವಾಗ ಬಾಯಿಗೆ ಕೈಹಾಕಿದರೆ ಕಚ್ಚುತ್ತಿದ್ದಳು. ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಿ, ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಬೇಕೆಂದು ಡಾಕ್ಟರು ಹೇಳಿದ್ದರು. ಆ ಸರದಿಗಾಗಿ ತಾಯಿ ಏಳು ತಿಂಗಳು ಕಾದಿದ್ದಳು. ಮಗಳು ಮಗ್ಗುಲಲ್ಲಿ ಮಲಗಿ ಉಸಿರು ಬಿಟ್ಟರೆ ಕೊಳೆತ ನಾತ. ಹೆತ್ತವಳೇ ಮುಖ ತಿರುಗಿಸುತ್ತಿದ್ದಳು, ತಿರುಗಿಸಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಮೊದಲ ಸಲ ಕೊಟ್ಟ ಚೀಟಿಯಲ್ಲಿ ‘ಬೆಳಗಿನಿಂದ ಏನೂ ತಿನ್ನಿಸಬಾರದು’ ಎಂದಿತ್ತು. ಅಜ್ಜಿ ತಿನ್ನಿಸಲಿಲ್ಲ. ಅರ್ಧ ಲೋಟ ಹಾಲು ಕುಡಿಸಿದಳು.

“ಹೊಟ್ಟೇಲಿ ಹಾಲಿದ್ರೆ, ಮಲಗಿಸಿದಾಗ ಮೇಲೆ ಬಂದು ಶ್ವಾಸಕ್ಕೆ ಹೋಗುತ್ತೆ. ಜೀವಕ್ಕೇ ಅಪಾಯ,” ಎಂದಳು ನರ್ಸು.

“ತಿನ್ನಿಸಬಾರದು ಅಂತ ತಾನೇ ಬರೆದಿದ್ದು? ಹಾಲನ್ನ ಯಾರಾದ್ರೂ ತಿಂತಾರೇನವ್ವಾ?” ಎಂದಳು ಅಜ್ಜಿ.

ನರ್ಸಿನ ಮಾತು ತಾಯಿಗೆ ಒಪ್ಪಿಗೆಯಾಯಿತು. ತಪ್ಪು ಚೀಟಿಯದೋ ಅತ್ತೆಯದೋ ಎಂದು ಜಗಳ ತೆಗೆಯದೆ ಮಗಳನ್ನು ಮನೆಗೆ ಕರೆದುಕೊಂಡು ಹೋದಳು. ಎರಡನೆಯ ಸಲ ಮಗುವಿನ ಹೊಟ್ಟೆ ಖಾಲಿಯಿತ್ತು. ಅರಿವಳಿಕೆಯ ಡಾಕ್ಟರೇ ಬರಲಿಲ್ಲ. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿ, ಚೀಟಿಯ ಹಿಂದೆ ಇನ್ನೊಂದು ತಾರೀಖು ಗೀಚಿ ಕಳಿಸಿದರು.

ಆ ತಾರೀಖು ಇಂದು. ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸು ಇಸ್ತ್ರಿ ಮಾಡುವ ತಾಯಿ ಮೂರನೆಯ ಸಲ ರಜೆ ಕೇಳಿದಾಗ, “ನಿನ್ನ ಮಗಳಿಗೆ ಬಾಯಿ ತುಂಬಾ ಹಲ್ಲೋ, ಹಲ್ಲು ತುಂಬಾ ಬಾಯೋ?” ಎಂದು ಮೇಸ್ತ್ರಿ ನಕ್ಕಿದ್ದ. ಬೆಳಿಗ್ಗೆ ಆಸ್ಪತ್ರೆಗೆ ಬಂದು ನೋಡಿದರೆ ಪಟ್ಟಿಯಲ್ಲಿ ಮಗಳ ಹೆಸರೇ ಇಲ್ಲ.

ಮೇಲ್ವಿಚಾರಕನ ಕೋಣೆಯಲ್ಲಿ ಫಿನಾಯಿಲ್ ಮತ್ತು ಲವಂಗದೆಣ್ಣೆಯ ವಾಸನೆ. ಗೋಡೆಗೆ ಖಾಲಿ ಮಂಚದ ದೊಡ್ಡ ಚಿತ್ರ, ಅದರಡಿ: ‘ನೀವು ಬಾರದಿದ್ದರೆ ಇನ್ನೊಂದು ಮಗು ನರಳುತ್ತದೆ.’ ಆತ ಗುಂಡುಸೂಜಿಯಲ್ಲಿ ದವಡೆ ಕೆದಕಿ, ಸಿಕ್ಕಿದ್ದನ್ನು ಒಮ್ಮೆ ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡ. ಮಕ್ಕಳ ಹಲ್ಲು ಕಾಯುವ ಕುರ್ಚಿಯಲ್ಲಿ ಇಂಥವನು.

“ನೋಡಮ್ಮಾ, ಎರಡು ಸಲ ತಪ್ಪಿಸಿಕೊಂಡ್ರೆ ಹೆಸರು ಹೊಡೆದುಹಾಕ್ತೀವಿ. ನಿಯಮ.”

“ತಪ್ಪಿಸಿಕೊಂಡಿಲ್ಲ ಸಾರ್. ಎರಡು ಸಲವೂ ಬಂದಿದ್ವಿ.”

“ಪುಸ್ತಕ ಸುಳ್ಳು ಹೇಳುತ್ತಾ?”

ಆತ ಪುಸ್ತಕವನ್ನು ತನ್ನ ಕಡೆಗೇ ತೆರೆದಿಟ್ಟುಕೊಂಡಿದ್ದ. ಲಾಂಡ್ರಿಯ ಮೇಜಿನ ಆಚೆ ನಿಂತು, ಹಾಸುಗಳ ಮೇಲಿನ ಕೋಣೆ ನಂಬರನ್ನು ದಿನವಿಡೀ ತಲೆಕೆಳಗಾಗಿ ಓದುವವಳು ಅವಳು. ಇದನ್ನೂ ಹಾಗೇ ಓದಿದಳು. ಪುಸ್ತಕದಲ್ಲಿದ್ದದ್ದು ಎರಡೇ ಖಾನೆ: ‘ಚಿಕಿತ್ಸೆ ಆಯಿತು’, ‘ಬರಲಿಲ್ಲ’. ಬಂದು, ಕಾದು, ಹಸಿದು ಹಿಂದಿರುಗಿದವರಿಗೆ ಖಾನೆಯಿಲ್ಲ. ಮಗಳ ಹೆಸರಿನ ಮುಂದೆ ‘ಬರಲಿಲ್ಲ’ ಖಾನೆಯಲ್ಲಿ ಎರಡು ಗುರುತು; ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದರು: ‘ಹಾಲು ಕುಡಿದಿದೆ’. ಕೆಳಗೆ: ‘ಡಾ. ಇಲ್ಲ’.

“ಬರದೇ ಇದ್ದ ಮಗು ಹಾಲು ಕುಡಿದಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು ಸಾರ್? ಮನೆಗೆ ಬಂದು ಮೂಸಿ ನೋಡಿದ್ರಾ?”

ಬಾಗಿಲಲ್ಲಿ ನಿಂತಿದ್ದ ನರ್ಸು ನೆಲ ನೋಡಿದಳು. ಮೇಲ್ವಿಚಾರಕ ಪುಸ್ತಕ ಮುಚ್ಚಿದ. ಅವನಿಗೆ ನಾಚಿಕೆಯಾಗಲಿಲ್ಲ, ಕಿರಿಕಿರಿಯಾಯಿತು, ಅಷ್ಟೇ. ನೂರು ಮಕ್ಕಳಲ್ಲಿ ನಲವತ್ತು ಬರುವುದಿಲ್ಲವೆಂದು ಪ್ರತಿ ತಿಂಗಳು ಮೇಲಕ್ಕೆ ಬರೆದು ಕಳಿಸುವವನು ಅವನೇ. ಆ ಬರಹವನ್ನು ನಂಬಿ ಚಿತ್ರ ಅಂಟಿಸಿದವನೂ ಅವನೇ.

“ವಾದ ಬೇಡ. ನಿಮಗೆ ಒಳ್ಳೇದಾಗಲಿ ಅಂತಲೇ ಹೇಳ್ತಿದೀನಿ,” ಎಂದು ಅಚ್ಚು ಹಾಕಿದ ಒಂದು ಹಾಳೆಯನ್ನು ತಳ್ಳಿದ. “ಇದಕ್ಕೆ ಸಹಿ ಮಾಡಿ. ಪಟ್ಟಿಯ ಕೊನೇಲಿ ಮತ್ತೆ ಹೆಸರು ಹಾಕ್ತೀನಿ. ಎಂಟು ತಿಂಗಳಲ್ಲಿ ಕರೆ ಬರುತ್ತೆ. ಸಹಿ ಇಲ್ಲ ಅಂದ್ರೆ ಅದೂ ಇಲ್ಲ.”

ಅವಳು ಓದಿದಳು. ‘ನನ್ನ ನಿರ್ಲಕ್ಷ್ಯದಿಂದ ಮಗುವನ್ನು ಎರಡು ಬಾರಿ ಕರೆತರಲಿಲ್ಲ. ಇದಕ್ಕೆ ನಾನೇ ಹೊಣೆ.’ ಮಗಳು ತೊಡೆಗೆ ಒರಗಿದ್ದಳು. ಕೆನ್ನೆ ಊದಿ ಒಂದು ಕಣ್ಣು ಸಣ್ಣದಾಗಿತ್ತು. ಎಂಟು ತಿಂಗಳೆಂದರೆ ಈ ಕೀವು ಎಲ್ಲಿಗೆ ಇಳಿಯುತ್ತದೆಂದು ಅವಳಿಗೆ ತಿಳಿಯದು. ಸಹಿ ಹಾಕದಿದ್ದರೆ ಆ ಎಂಟು ತಿಂಗಳ ಸರದಿಯೂ ಇಲ್ಲ. ಪೆನ್ನು ಹಿಡಿದಳು. ಸಹಿ ಹಾಕಿದರೆ, ಪುಸ್ತಕ ನಿಜವೆನ್ನಲು ಈ ಹಾಳೆಯೇ ನಾಳೆ ಸಾಕ್ಷಿ. ಇನ್ನು ಯಾವ ತಾಯಿ ಬಂದು ಕೂತರೂ ಪುಸ್ತಕದ ಪಾಲಿಗೆ ಬಂದವಳಲ್ಲ. ಪೆನ್ನು ಕೆಳಗಿಟ್ಟಳು.

“ಹಾಕಮ್ಮಾ, ಹೊರಗೆ ಜನ ಕಾಯ್ತಿದಾರೆ.”

“ಹಾಕಲ್ಲ.”

“ಹಾಗಾದ್ರೆ ಏಳಿ.”

“ಏಳೋದೂ ಇಲ್ಲ. ಮಗು ಹಸಿದಿದೆ, ಡಾಕ್ಟರು ಒಳಗಿದಾರೆ, ಈಗಷ್ಟೇ ಹೋಗಿದ್ದನ್ನ ನೋಡಿದೆ. ಬಂದಿದೀವಿ ಅಂತ ಮೊದಲು ಬರೀರಿ.”

“ಅದಕ್ಕೆ ಖಾನೆ ಇಲ್ಲ ಕಣಮ್ಮಾ.”

“ಇನ್ನೊಂದು ಗೆರೆ ಎಳೆದು ಖಾನೆ ಮಾಡ್ರಿ,” ಎಂದು ಅವಳು ಮಗಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು. “ನಾನು ಹೋಗಲ್ಲ.”