ವಾಚಿನ ಹಾಸಿಗೆ

ನಾದಿನಿ ಮೂರನೆಯ ಡ್ರಾಯರನ್ನೂ ಎಳೆದು ಮಂಚದ ಮೇಲೆ ಬೋರಲು ಹಾಕಿದಳು. ಹಳೆಯ ಬಸ್ ಟಿಕೆಟುಗಳು, ಕನ್ನಡಕದ ಒಂಟಿ ಕಾಲು, ಒಣಗಿಹೋದ ಮುಲಾಮಿನ ಟ್ಯೂಬು, ಜೋಡಿ ಇಲ್ಲದ ಗುಂಡಿಗಳು. ವಾಚು ಮಾತ್ರ ಇಲ್ಲ.

“ಅಲ್ಲ ಅತ್ತಿಗೇ, ನಿನ್ನೆ ತನಕ ಇದ್ದಿದ್ದು ಬೆಳಗಾಗೋದ್ರೊಳಗೆ ಕಾಲು ಬಂದು ನಡ್ಕೊಂಡು ಹೋಯ್ತಾ? ಅಣ್ಣ ಹೊರಗೆ ಬರಿಗೈಲಿ ಮಲಗಿದಾನೆ. ಬಂದೋರೆಲ್ಲ ಮೊದ್ಲು ಮಣಿಕಟ್ಟೇ ನೋಡ್ತಿದಾರೆ.”

“ಸಿಗುತ್ತೆ ಬಿಡು,” ಎಂದಳು ಸತ್ತವನ ಹೆಂಡತಿ. “ಮನೇಲೇ ಎಲ್ಲೋ ಇರುತ್ತೆ.”

ಎಲ್ಲಿದೆ ಎಂದು ಆಕೆಗೆ ಗೊತ್ತಿತ್ತು. ಬೆಳಗಿನ ಜಾವ ಗಂಡನ ಉಸಿರು ನಿಂತದ್ದು ಖಾತ್ರಿಯಾದ ಮೇಲೆ, ಯಾರನ್ನೂ ಕೂಗುವ ಮೊದಲು, ಆಕೆ ತಲೆದಿಂಬಿನ ಪಕ್ಕದ ಮರದ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದಳು. ಪಕ್ಕದ ಮನೆಯ ಬಾಗಿಲು ತಟ್ಟಿದ್ದು ಆಮೇಲೆ. ವಾಚಿನ ಮೇಲೆ ಆಕೆಗೆ ಆಸೆಯಿರಲಿಲ್ಲ. ಯಾರ ಕೈಗೆ ಬೇಕಾದರೂ ಕಟ್ಟಲಿ, ಯಾರು ಬೇಕಾದರೂ ಒಯ್ಯಲಿ. ಆಕೆಗೆ ಬೇಕಾಗಿದ್ದದ್ದು ಪೆಟ್ಟಿಗೆಯ ತಳಕ್ಕೆ ಅಂಟಿಸಿದ್ದ ಬಟ್ಟೆ. ಹರಿಯದ ಹಾಗೆ ಅದನ್ನು ಬಿಡಿಸಿಕೊಳ್ಳಲು ಒಂದಿಷ್ಟು ಹೊತ್ತು ಬೇಕು, ಯಾರ ಕಣ್ಣೂ ಮೈಮೇಲೆ ಇರಬಾರದು. ಈ ದಿನ ಆ ಮನೆಯಲ್ಲಿ ಸಿಗದೇ ಇದ್ದದ್ದು ಅದೊಂದೇ.

ಅಡುಗೆಮನೆಗೆ ಹೋದರೆ ಅಲ್ಲಿ ಪಕ್ಕದ ಮನೆಯ ಟೈಲರಮ್ಮ ಬಂದವರಿಗೆಲ್ಲ ಚಹಾ ಕಾಯಿಸುತ್ತ ನಿಂತಿದ್ದಳು. “ನೀವ್ಯಾಕೆ ಬಂದ್ರಿ ಅಕ್ಕಾ? ಹೋಗಿ ಕೂತ್ಕೊಳ್ಳಿ, ನಾನಿಲ್ವಾ?” ಎಂದು ಭುಜ ಹಿಡಿದು ತಿರುಗಿಸಿ ಕಳಿಸಿದಳು. ಒಳ್ಳೆಯತನಕ್ಕೂ ಒಂದು ಹೊತ್ತುಗೊತ್ತು ಬೇಡವೆ!

ಹೊರಕೋಣೆಯಲ್ಲಿ ನೂಲಿನ ಮಿಲ್ಲಿನ ಹಳಬರು ಗೋಡೆಗೆ ಒರಗಿ ಕೂತಿದ್ದರು. ಗಂಡ ಆ ಮಿಲ್ಲಿನಲ್ಲಿ, ಆ ವಾಚು ನೋಡಿಕೊಂಡೇ, ಸೈರನ್ ಕೊಡುವವನಾಗಿದ್ದ. ಅವನ ನಿಜವಾದ ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರ ಬಾಯಲ್ಲೂ ಅವನು ಕೂಗಪ್ಪ.

“ನಮ್ಮ ಕೂಗಪ್ಪ ಸೈರನ್ ಮೇಲೆ ಕೈ ಇಟ್ಟ ಅಂದ್ರೆ ಸೂರ್ಯನೂ ನಿಂತು, ನಾನೇನಾದ್ರೂ ತಡವಾದ್ನಾ ಅಂತ ನೋಡ್ಕೋತಿದ್ದ,” ಎಂದ ಬಾಯ್ಲರ್ ಮನೆಯ ಮುದುಕ. ಒಂದಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. “ನಗಬೇಡ್ರೋ. ಮೊದಲ್ನೇ ಮಗು ಹೋಯ್ತಲ್ಲ, ಹೆಣ್ಣುಕೂಸು, ಅವತ್ತೂ ಬಂದು ಸೈರನ್ ಕೊಟ್ಟ ಕಣ್ರಯ್ಯಾ. ಮನೇಲಿ ಮಗೂನ ಹಾಗೇ ಬಿಟ್ಟು ಬಂದು. ಒಂದು ಚೂರು ಹೆಚ್ಚುಕಮ್ಮಿ ಆಗ್ಲಿಲ್ಲ. ಅಂಥಾ ಮನುಷ್ಯ.”

“ಕೆಲಸ ಅಂದ್ರೆ ಹಾಗಿರ್ಬೇಕು,” ಎಂದರು ಯಾರೋ. ಎಲ್ಲರೂ ತಲೆದೂಗಿದರು.

ಆಕೆ ಗಂಡನ ಕಾಲ ಬಳಿ ಕೂತು ಹೊದಿಕೆಯ ಅಂಚನ್ನು ಸರಿಮಾಡಿದಳು. ಆ ಸೈರನ್ ಆಕೆಗೂ ಕೇಳಿಸಿತ್ತು. ಸೈರನ್ ಆದಾಗಲೆಲ್ಲ ಬೆಚ್ಚಿಬಿದ್ದು ಎರಡೂ ಮುಷ್ಟಿ ಎತ್ತುತ್ತಿದ್ದ ಕೂಸು ಅವತ್ತು ಮಡಿಲಲ್ಲಿ ಮಿಸುಕಿರಲಿಲ್ಲ. ಮಗು ಇನ್ನಿಲ್ಲ ಎಂದು ಆಕೆ ನಂಬಿದ್ದು ಆಗ.

ಮಗ ಬಂದಾಗ ಬಿಸಿಲೇರಿತ್ತು. ಅವನ ಹಿಂದೆ ಸೊಸೆ, ಸೊಸೆಯ ಹೆಗಲ ಮೇಲೆ ನಿದ್ದೆಗಣ್ಣಿನ ಮೊಮ್ಮಗಳು. ಮಗ ತಂದೆಯ ಮುಖ ನೋಡಿ ಬಿಕ್ಕಿದ, ತಾಯಿಯನ್ನು ತಬ್ಬಿಕೊಂಡ, ಮೂಗು ಒರೆಸಿಕೊಂಡ. ಆಮೇಲೆ ಆಕೆಯ ಕಿವಿಯ ಹತ್ತಿರ ಬಗ್ಗಿ ಕೇಳಿದ:

“ಅಮ್ಮಾ, ಇವತ್ತು ವಾಚಿಗೆ ಕೀಲಿ ಕೊಟ್ಯಾ?”

*

ಈ ಮನೆಯಲ್ಲಿ ವಾಚನ್ನು ಯಾರೂ ‘ಇಡು’ತ್ತಿರಲಿಲ್ಲ, ‘ಮಲಗಿಸು’ತ್ತಿದ್ದರು. ಆ ಮಾತು ಗಂಡನದು. ಊಟ ಮುಗಿಸಿ ಕೈ ಒರೆಸಿಕೊಂಡ ಮೇಲೆ ಅವನು ಮಂಚದ ಅಂಚಿಗೆ ಕೂತು ಪಟ್ಟಿ ಬಿಚ್ಚುತ್ತಿದ್ದ. ಬೆವರು ಒರೆಸುತ್ತಿದ್ದ. ಕಿವಿಗೆ ಹಿಡಿದು ಕೇಳುತ್ತಿದ್ದ. ಆ ದಿನ ವಾಚು ಮುಂದೆ ಓಡಿದ್ದರೆ ತಿರುಪು ಮೇಲೆ ಬರುವ ಹಾಗೆ ಮಗ್ಗುಲಾಗಿ, ಹಿಂದೆ ಬಿದ್ದಿದ್ದರೆ ಮುಖ ಮೇಲೆ ಮಾಡಿ ಅಂಗಾತ. ರಾತ್ರಿ ಹಾಗೆ ಮಲಗಿದರೆ ಬೆಳಗಾಗುವಷ್ಟರಲ್ಲಿ ತನ್ನ ತಪ್ಪನ್ನು ತಾನೇ ತಿದ್ದಿಕೊಂಡಿರುತ್ತದೆ ಎನ್ನುತ್ತಿದ್ದ. ತಣ್ಣನೆಯ ಕಲ್ಲಿನ ಮೇಲೆ ಇಡಕೂಡದು. ರೇಡಿಯೊ ಹತ್ತಿರ ಸುಳಿಯಕೂಡದು, ಅದರೊಳಗಿನ ಅಯಸ್ಕಾಂತ ವಾಚಿನ ಬುದ್ಧಿ ಕೆಡಿಸುತ್ತದೆ. ಕೀಲಿ ಕೊಡುವುದು ಬೆಳಿಗ್ಗೆಯೇ. ಇಷ್ಟಾಗಿ ಪೆಟ್ಟಿಗೆಯ ಮುಚ್ಚಳ ಹಾಕುವಾಗ ಅವನ ಮುಖ ನೋಡಬೇಕಿತ್ತು. ಅಷ್ಟು ಮೆದುವಾದ ಮುಖ ಅವನಿಗೆ ಇದೆಯೆಂದು ಬೇರೆ ಯಾವ ಹೊತ್ತಿನಲ್ಲೂ ಗೊತ್ತಾಗುತ್ತಿರಲಿಲ್ಲ.

ಅವನು ಕೆಟ್ಟವನಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ. ಹೆಂಡತಿಗೆ ಜ್ವರ ಬಂದರೆ ಮಾತ್ರೆ ತಂದು ಮೇಜಿನ ಮೇಲೆ ಇಡುತ್ತಿದ್ದ. ಆಕೆಯನ್ನು ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ, ಅಷ್ಟೆ.

ಕೂಸು ಹೋದ ವರ್ಷವೇ ಒಂದು ಸಂಜೆ ಆಕೆ ಸಂತೆಯಿಂದ ಬಂದಾಗ ಅವನು ಮಂಚದ ಮೇಲೆ ಅಂಟಿನ ಡಬ್ಬಿ, ಕತ್ತರಿ ಹರಡಿಕೊಂಡು ಕೂತಿದ್ದ. ಪೆಟ್ಟಿಗೆಗೆ ಹಾಸಿಗೆ ಮಾಡುತ್ತಿದ್ದ. ಹಳದಿ ಫ್ಲಾನೆಲ್ ಬಟ್ಟೆ, ಅದರ ಮೇಲೆ ಬಿಳಿ ಬಾತುಕೋಳಿಗಳು. ಕತ್ತರಿಸಿ ಉಳಿದ ತೋಳುಗಳೆರಡೂ ನೆಲದ ಮೇಲೆ ಬಿದ್ದಿದ್ದವು. ಒಂದೊಂದು ತೋಳೂ ಹೆಬ್ಬೆರಳಿನಷ್ಟು ಅಗಲ.

“ಅದು ಪಾಪುದು,” ಎಂದಳು ಆಕೆ. ಮಗುವಿನದೆಂದು ಆಕೆ ಉಳಿಸಿಕೊಂಡಿದ್ದ ಒಂದೇ ಅಂಗಿ ಅದು. ಬೇರೆಲ್ಲವನ್ನೂ ಹಿರಿಯರು ಸೇರಿ ಸಾಗಿಸಿದ್ದರು. ಇದನ್ನು ಟ್ರಂಕಿನ ತಳದಲ್ಲಿ, ಒಗೆಯದೆ, ಮಡಿಸಿ ಇಟ್ಟಿದ್ದಳು. ಒಗೆದರೆ ವಾಸನೆ ಹೋಗುತ್ತದೆಂದು.

“ಹೌದಾ?” ಎಂದ ಗಂಡ, ಅಂಟು ಹಚ್ಚುತ್ತಲೇ. “ಒಳ್ಳೆ ಮೆತ್ತಗಿದೆ. ನೂಲು ಉದುರಲ್ಲ. ಸುಮ್ನೆ ಟ್ರಂಕಲ್ಲಿ ಹುಳ ತಿನ್ನೋದಕ್ಕೆ, ಉಪಯೋಗಕ್ಕಾದ್ರೂ ಬಂತಲ್ಲ.”

ಚಿತ್ರವಿಲ್ಲದ ಮಗ್ಗುಲು ಇನ್ನೂ ಮೆತ್ತಗೆಂದು ಬಾತುಕೋಳಿಗಳನ್ನು ಅಡಿಗೆ ಮಾಡಿ ಅಂಟಿಸಿದ. ಆಕೆ ಬಾಗಿ, ನೆಲದ ಮೇಲಿನ ತೋಳುಗಳನ್ನು ಎತ್ತಿಕೊಳ್ಳುವಷ್ಟರಲ್ಲಿ ಅವನೇ ಅವುಗಳಲ್ಲಿ ಕೈಯ ಅಂಟು ಒರೆಸಿಕೊಂಡು ಕಸದ ಬುಟ್ಟಿಗೆ ಹಾಕಿದ್ದ.

ಕೊನೆಕೊನೆಗೆ ಅವನ ಕೈ ನಡುಗತೊಡಗಿದಾಗ ಮಲಗಿಸುವ ಕೆಲಸ ಆಕೆಯ ಪಾಲಿಗೆ ಬಂತು. ಹಾಸಿಗೆ ಹಿಡಿದ ಮೇಲೂ ಅವನು ಕೇಳುವುದು ಬಿಡಲಿಲ್ಲ. “ಮಲಗಿಸಿದ್ಯಾ?”

“ಮಲಗಿಸ್ದೆ.”

“ತೋರ್ಸು.”

ಆಕೆ ಮುಚ್ಚಳ ತೆಗೆದು ತೋರಿಸಬೇಕು. ಅವನು ಕಣ್ಣು ಕಿರಿದು ಮಾಡಿ ವಾಚನ್ನೂ ನೋಡುವನು, ಹಾಸಿಗೆಯನ್ನೂ ನೋಡುವನು. ಬಟ್ಟೆ ಬಿಡಿಸಿಕೊಳ್ಳಲು ಒಂದು ರಾತ್ರಿಯ ಸಂದೂ ಸಿಗಲಿಲ್ಲ.

*

ವ್ಯಾನು ಬಂದು ಬಾಗಿಲಿಗೆ ನಿಂತಿತು. ಮಿಲ್ಲಿನವರು ಹೆಗಲು ಕೊಟ್ಟರು. ನಾದಿನಿ ಚಪ್ಪಲಿ ಹುಡುಕುತ್ತ ಕೂಗಿದಳು, “ಅತ್ತಿಗೇ, ಬನ್ನಿ, ಮುಂದಿನ ಸೀಟಲ್ಲಿ ಕೂತ್ಕೊಳ್ಳಿ.”

“ನಾನು ಬರಲ್ಲ.”

ಎತ್ತಿದವರು ಎತ್ತಿದ ಹಾಗೇ ನಿಂತರು.

“ಏನಂದ್ರಿ? ಕಟ್ಕೊಂಡ ಗಂಡನ್ನ ಕಳಿಸೋಕೆ ಬರಲ್ವಾ?”

“ದಿನಾ ಬಾಗಿಲ ತನಕ ಕಳಿಸ್ತಿದ್ದೆ. ಇವತ್ತೂ ಬಾಗಿಲ ತನಕ,” ಎಂದಳು ಆಕೆ.

“ಮಂಡಿ ನೋವಿರ್ಬೇಕು, ಬಿಡಿ,” ಎಂದು ಬಾಯ್ಲರ್ ಮನೆಯ ಮುದುಕ ತೇಪೆ ಹಚ್ಚಿದ. ನಾದಿನಿ ಬಿಡಲಿಲ್ಲ. “ವಾಚೂ ಕಟ್ಲಿಲ್ಲ, ಹೆಂಡ್ತೀನೂ ಬರ್ಲಿಲ್ಲ. ಏನು ಪುಣ್ಯ ಮಾಡಿದ್ನೋ ನಮ್ಮಣ್ಣ,” ಎಂದು ವ್ಯಾನು ಹತ್ತಿದವಳು ಬೀದಿಯ ತಿರುವು ಬರುವ ತನಕ ಹೊರಗೆ ತಲೆ ಹಾಕಿ ಇವಳನ್ನೇ ನೋಡುತ್ತಿದ್ದಳು.

ಟೈಲರಮ್ಮ ಒಲೆಯ ಮುಂದಿನಿಂದ ಏಳುವ ಹಾಗೆ ಕಾಣಲಿಲ್ಲ. “ಜೊತೇಲಿರ್ತೀನಿ ಅಕ್ಕಾ. ಇಂಥ ಹೊತ್ತಲ್ಲಿ ಒಬ್ರೇ ಇರಬಾರ್ದು.”

“ಪಾಪು ರಚ್ಚೆ ಹಿಡಿದಿದೆ ನೋಡಮ್ಮಾ. ಇಲ್ಲಿ ಮಲಗಿಸೋಕೆ ಜಾಗ ಎಲ್ಲಿದೆ? ಸೊಸೇನೂ ಮಗೂನೂ ನಿಮ್ಮನೇಗೆ ಕರ್ಕೊಂಡು ಹೋಗು, ಪುಣ್ಯ ಬರುತ್ತೆ.”

ಬಾಗಿಲಿಗೆ ಚಿಲಕ ಹಾಕಿದ ಮೇಲೆ ಮನೆ ಒಮ್ಮೆಲೇ ದೊಡ್ಡದಾಯಿತು. ಆಕೆ ಕೆಟಲ್ಲಿನಲ್ಲಿ ನೀರು ಕುದಿಸಿದಳು. ಹಿಟ್ಟಿನ ಡಬ್ಬ ಸರಿಸಿ ಪೆಟ್ಟಿಗೆ ತೆಗೆದಳು. ವಾಚು ಇನ್ನೂ ನಡೆಯುತ್ತಿತ್ತು. ಅದನ್ನು ಎತ್ತಿ ಕಲ್ಲಿನ ಕಟ್ಟೆಯ ಮೇಲೆ, ತಣ್ಣನೆಯ ಕಲ್ಲಿನ ಮೇಲೆಯೇ, ಬೋರಲಾಗಿ ಇಟ್ಟಳು.

ಪೆಟ್ಟಿಗೆಯನ್ನು ಆವಿಯ ಮೇಲೆ ಹಿಡಿದು, ಚಮಚದ ಮೊಂಡ ಅಂಚನ್ನು ಮೂಲೆಗೆ ತೂರಿಸಿದಳು. ಕೂದಲೆಳೆಯಷ್ಟು ಬಿಟ್ಟಿತು. ಮತ್ತೆ ಆವಿ, ಮತ್ತೆ ಚಮಚ. ಬೆರಳು ಬೆಂದವು. ಅವನು ಅಂಟಿಸಿದ್ದೆಂದರೆ ಅಂಟಿಸಿದ್ದೇ. ಸೈರನ್ ಕೊಟ್ಟಷ್ಟೇ ನಿಷ್ಠೆಯಿಂದ ಮೂಲೆಮೂಲೆಗೂ ಅಂಟು ಬಳಿದಿದ್ದ. ಕೊನೆಗೆ ಬಟ್ಟೆ ಒಂದು ನಿಟ್ಟುಸಿರಿನಂಥ ಸದ್ದು ಮಾಡಿ ಪೂರ್ತಿ ಕಳಚಿಕೊಂಡಿತು.

ತಿರುಗಿಸಿ ನೋಡಿದಳು. ಬಾತುಕೋಳಿಗಳು ಅರೆಬರೆ ಬಂದಿದ್ದವು. ಒಂದಕ್ಕೆ ತಲೆ ಇಲ್ಲ, ಇನ್ನೊಂದಕ್ಕೆ ಬರೀ ಕಾಲು. ಉಳಿದದ್ದು ನವಿರು ಸಮೇತ ಮರಕ್ಕೆ ಹತ್ತಿಕೊಂಡಿತ್ತು. ಇನ್ನೊಂದು ಮಗ್ಗುಲಲ್ಲಿ, ನಟ್ಟನಡುವೆ, ವಾಚು ಮಲಗಿ ಮಲಗಿ ಆದ ದುಂಡನೆಯ ಕುಳಿ.

ಆಕೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಂಡಳು. ಉಸಿರು ಎಳೆದಳು. ಎಣ್ಣೆ. ಹಿತ್ತಾಳೆ. ಗಂಡನ ಮಣಿಕಟ್ಟಿನ ಬೆವರು. ಇನ್ನೊಮ್ಮೆ, ಅಂಚಿನ ಹೊಲಿಗೆಗೆ ಮೂಗು ಹಚ್ಚಿ ಎಳೆದಳು. ಗಂಡನ ಬೆವರೇ.

ಬೆಳಗಿನಿಂದ ಆಕೆ ಅತ್ತಿರಲಿಲ್ಲ. ಈಗಲೂ ಅಳಲಿಲ್ಲ. ಬಕೆಟ್ಟಿಗೆ ನೀರು ಬಿಟ್ಟು ಸೋಪಿನ ಪುಡಿ ಹಾಕಿದಳು.

*

“ಅಡುಗೆಮನೇಲಿ ಸಿಕ್ತು,” ಎಂದು ಆಕೆ ಪೆಟ್ಟಿಗೆಯನ್ನು ಮಗನ ಕೈಗೆ ಕೊಟ್ಟಳು. ಎಲ್ಲ ಮುಗಿಸಿ ಬಂದವರು ಕೈಕಾಲು ತೊಳೆದು ಕೂತಿದ್ದರು. ನಾದಿನಿ, “ಅಡುಗೆಮನೇಲಿ!” ಎಂದು ಗೋಡೆಗೆ ಹೇಳಿದಳು.

ಮಗ ವಾಚನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದ. ಥೇಟ್ ಅವನಪ್ಪ. ಆಮೇಲೆ ಪೆಟ್ಟಿಗೆಯೊಳಗೆ ಇಣುಕಿದ.

“ಇದರ ಹಾಸಿಗೆ ಎಲ್ಲಮ್ಮಾ? ಅಡೀಲಿ ಇದೇನು, ಬಾತುಕೋಳಿ ತಲೆ?”

“ಹಳೇದಾಗಿತ್ತು. ಕಿತ್ತೆ.”

“ಛೆ, ಅಪ್ಪ ಎಷ್ಟು ಜೋಪಾನ ಮಾಡಿದ್ರು ಅದನ್ನ.”

ಸೊಸೆ ಗಂಡನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಒಳ್ಳೆಯ ಹುಡುಗಿ, ಅತ್ತೆಯ ಮೇಲೆ ತಪ್ಪು ಬರಬಾರದೆಂದು ಅವಸರದಿಂದ ಹೇಳಿದಳು. “ಅದಕ್ಕೇನೀಗ? ಪಾಪು ಹಳೇ ಅಂಗಿ ಬೇಕಾದಷ್ಟಿದೆ. ಒಳ್ಳೆ ಮೆತ್ತಗಿರುತ್ತೆ, ಒಂದನ್ನ ಕತ್ತರಿಸಿ...”

“ಬೇಡ!”

ಕೋಣೆಯಲ್ಲಿ ಎಲ್ಲರೂ ತಿರುಗಿದರು. ಸೊಸೆಯ ಹೆಗಲ ಮೇಲಿನ ಮಗು ಬೆಚ್ಚಿಬಿದ್ದು ಎರಡೂ ಮುಷ್ಟಿ ಎತ್ತಿತು. ಆಕೆ ಆ ಮುಷ್ಟಿಗಳನ್ನೇ ನೋಡುತ್ತ ದನಿ ಇಳಿಸಿದಳು.

“ಕನ್ನಡಕ ಒರೆಸೋ ಬಟ್ಟೆ ಹಾಸು, ಸಾಕು. ಮಗೂದು ಮುಟ್ಟಬೇಡ. ಕೇಳಿಸ್ಕೋ ಇಲ್ಲಿ. ಬೆಳಿಗ್ಗೆ ಕೀಲಿ ಕೊಡು, ಕೈಗೆ ಕಟ್ಕೊಂಡು ಕೊಡಬೇಡ. ತಿರುಪು ಬಿಗಿ ಅನ್ನಿಸ್ತಾ, ಅಲ್ಲಿಗೆ ನಿಲ್ಲಿಸು. ರಾತ್ರಿ ಫೋನ್ ಪಕ್ಕ ಇಡಬೇಡ. ಒರೆಸಿ ಮಲಗಿಸು. ಮುಂದೆ ಓಡಿದ್ರೆ ಮಗ್ಗುಲು, ಹಿಂದೆ ಬಿದ್ರೆ ಅಂಗಾತ.” ಕೂಸು ನೋಡಿಕೊಳ್ಳುವುದನ್ನು ಬಾಣಂತಿಗೆ ಹೇಳಿಕೊಡುವಾಗಿನ ದನಿ ಅದು. ಒಂದೂ ತಪ್ಪಲಿಲ್ಲ.

“ನೋಡಿದ್ರಾ,” ಎಂದ ಬಾಯ್ಲರ್ ಮನೆಯ ಮುದುಕ ಕಣ್ಣು ಒರೆಸಿಕೊಳ್ಳುತ್ತ. “ಅವನ ಮೇಲೆ ಎಷ್ಟು ಜೀವ ಈಕೆಗೆ.”

ಆಕೆ ಎದ್ದು ಹಿತ್ತಲಿಗೆ ಹೋದಳು. ಹಗ್ಗದ ತುದಿಯಲ್ಲಿ ಬಟ್ಟೆ ನೇತಾಡುತ್ತಿತ್ತು. ಎರಡು ಕ್ಲಿಪ್ಪಿಗೆ ಸಾಲುವಷ್ಟು ಅಗಲ ಇಲ್ಲದ್ದರಿಂದ ಒಂದರಲ್ಲೇ. ಹಳದಿ ಒಂದಿಷ್ಟು ತಿಳಿಯಾಗಿತ್ತು. ಸೋಪಿನ ವಾಸನೆ ಬಿಟ್ಟರೆ ಬೇರೆ ಯಾವ ವಾಸನೆಯೂ ಇರಲಿಲ್ಲ.

“ಅಮ್ಮಾ,” ಒಳಗಿನಿಂದ ಮಗ ಕೂಗಿದ, “ಇವತ್ತು ಹಿಂದೆ ಬಿದ್ದಿದೆ! ಅಂಗಾತಾನೋ ಮಗ್ಗುಲೋ?”

ಆಕೆ ಬಟ್ಟೆಯನ್ನು ಬಲಗೈ ಅಂಗೈ ಮೇಲೆ ಹರಡಿಕೊಂಡು ನಡುವಿನ ಕುಳಿಯನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಸವರಿದಳು. ಸಪಾಟಾಯಿತು. ಬೆರಳು ತೆಗೆದಳು. ಒದ್ದೆ ಬಟ್ಟೆಯ ಮೇಲೆ ಕುಳಿ ಮೆಲ್ಲಗೆ ಮತ್ತೆ ದುಂಡಗಾಯಿತು.