ಪೆಟ್ಟಿಗೆಯಕ್ಕನ ಪಾಲು

ಜಾದೂಗಾರನ ಹೆಂಡತಿಯನ್ನು ಎಲ್ಲರೂ ಪೆಟ್ಟಿಗೆಯಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾದಾಗಿನಿಂದ ಆಕೆ ವೇದಿಕೆಯ ಮೇಲೆ ಪೆಟ್ಟಿಗೆಯೊಳಗೆ ಮಲಗಿದ್ದೇನು, ಗಂಡ ಗರಗಸದಿಂದ ಎರಡು ತುಂಡು ಮಾಡಿದ್ದೇನು, ಆಕೆ ನಗುನಗುತ್ತ ಎದ್ದು ಬಂದದ್ದೇನು! ಚಪ್ಪಾಳೆ ಮಾತ್ರ ಅವನೊಬ್ಬನಿಗೆ. ಮನೆಯಲ್ಲೋ, ಎತ್ತು ಏರಿಗೆ ಕೋಣ ನೀರಿಗೆ. ಸಾಕಪ್ಪಾ ಸಾಕು ಎಂದು ಇಬ್ಬರೂ ವಿಚ್ಛೇದನಕ್ಕೆ ಒಪ್ಪಿದರು. ಜಗಳ ಉಳಿದದ್ದು ಜಾದೂ ಕಂಪನಿಯ ಮೇಲೆ. ಅದರಲ್ಲಿ ಅರ್ಧ ತನ್ನದು ಎಂದಳು ಪೆಟ್ಟಿಗೆಯಕ್ಕ. ಚೂರೂ ಇಲ್ಲ ಎಂದ ಜಾದೂಗಾರ.

"ಹಕ್ಕಿದೆ ಅಕ್ಕಾ," ಎಂದಳು ಅವಳ ಲಾಯರಮ್ಮ. "ಕಂಪನಿ ಯಾರ ಹೆಸರಲ್ಲಾದ್ರೂ ಇರ್ಲಿ, ನಿಮ್ಮ ದುಡಿಮೆಯೂ ಇದ್ರೆ ಪಾಲು ಕೇಳಬಹುದು. ಆದ್ರೆ ಪೆಟ್ಟಿಗೆ ಒಳಗೆ ನೀವೇನು ಮಾಡ್ತೀರಿ ಅಂತ ಹೇಳ್ಬೇಕಲ್ಲ?"

ಗಂಟು ಬಿದ್ದದ್ದೇ ಅಲ್ಲಿ. ಗುಟ್ಟು ಬಾಯಿಬಿಟ್ಟರೆ ನಾಳೆಯಿಂದ ಯಾರು ಟಿಕೆಟ್ ಕೊಳ್ಳುತ್ತಾರೆ? ಪಾಲನ್ನು ಉಪ್ಪು ಹಾಕಿಕೊಂಡು ನೆಕ್ಕಬೇಕು. ಬಾಯಿಬಿಡದಿದ್ದರೆ ಬರಿಗೈ. ಯೋಚಿಸಿ ಯೋಚಿಸಿ ಪಾಪ ಅವಳಿಗೆ ಊಟ ಸೇರದಂತಾಯಿತು.

ಸಂಧಾನದ ದಿನ ಬಂತು. ಕೋರ್ಟಿನ ಮಹಡಿಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರಾಚೆ ಸಂಧಾನದ ಮೇಡಮ್ಮು. ಬೆಲೆ ಕಟ್ಟಲೆಂದು ಪೆಟ್ಟಿಗೆ, ಗರಗಸ ಎರಡನ್ನೂ ತರಿಸಿ ಕಿಟಕಿಯ ಕೆಳಗೆ ಇಟ್ಟಿದ್ದರು.

"ಮೇಡಂ, ಕೈಚಳಕ ಪೂರ್ತಿ ನಂದು," ಎಂದು ಜಾದೂಗಾರ ಎದೆಯುಬ್ಬಿಸಿದ. "ಇವಳು ಬರೀ ಮಲಗ್ತಾಳೆ. ಮಲಗಿದ್ದಕ್ಕೂ ಪಾಲು ಅಂದ್ರೆ ಹೇಗೆ?"

"ಮಲಗೋದು ಯಾರು ಬೇಕಾದ್ರೂ ಮಾಡಬಹುದು," ಎಂದು ಅವನ ಲಾಯರು ಒಗ್ಗರಣೆ ಹಾಕಿದ. ದಪ್ಪ ಹೊಟ್ಟೆಯ ಮನುಷ್ಯ, ಮಾತಂತೂ ಅರಳು ಹುರಿದ ಹಾಗೆ.

ಪೆಟ್ಟಿಗೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ನೀವೇ ಮಲಗಿ ಸಾರ್!"

ಮೇಡಮ್ಮಿನ ಕಣ್ಣು ಮಿನುಗಿತು. "ಆಗಬಹುದು," ಎಂದರು.

ಆಡಿದ ಮಾತನ್ನು ನುಂಗುವುದುಂಟೇ? ಲಾಯರು ಕೋಟು ಬಿಚ್ಚಿ, ಏದುಸಿರು ಬಿಡುತ್ತ ಪೆಟ್ಟಿಗೆಗೆ ಇಳಿದ. ಒಂದು ತುದಿಯಲ್ಲಿ ತಲೆ, ಇನ್ನೊಂದರಲ್ಲಿ ಬೂಟು. ಜಾದೂಗಾರ ಗಂಭೀರವಾಗಿ ಗರಗಸವೆತ್ತಿ ಹಲಗೆಯ ಮೇಲಿಟ್ಟ. ಕರ್ರ್ ಎಂದಿತು.

"ಸ್ವಲ್ಪ ತಡೀರಿ!" ಲಾಯರ ಮುಖ ಬಿಳಿಚಿತು. "ಈಗ ನಾನೇನು ಮಾಡ್ಬೇಕು?"

"ಅವಳು ಮಾಡೋ ಹಾಗೆ ಮಾಡಿ."

"ಅವರೇನು ಮಾಡ್ತಾರೆ?"

ಅದು ಜಾದೂಗಾರನಿಗೂ ಗೊತ್ತಿರಲಿಲ್ಲ. ಮುಚ್ಚಳ ಮುಚ್ಚಿ, ಜನರತ್ತ ತಿರುಗಿ, ಕೈ ಬೀಸುವುದಷ್ಟೇ ಅವನ ಕೆಲಸ. ಅವಳು "ಹೂಂ" ಎಂದರೆ ಗರಗಸ ಎಳೆಯುತ್ತಿದ್ದ. ಪೆಟ್ಟಿಗೆ ಹೇಗಿರಬೇಕೆಂದು ಬಡಗಿಗೆ ಹೇಳಿ ಮಾಡಿಸಿದವಳೂ ಅವಳೇ. ಒಳಗೇನು ನಡೆಯುತ್ತದೆಂದು ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಗರಗಸ ಕೆಳಗಿಟ್ಟು, ಹೆಂಡತಿಯ ಪಕ್ಕಕ್ಕೆ ಬಂದು ಪಿಸುಗುಟ್ಟಿದ.

"ಏನ್ ಮಾಡ್ತೀಯೇ ಒಳಗೆ?"

"ಅದು ಗುಟ್ಟು ಕಣ್ರೀ," ಎಂದಳು ಅವಳು, ಇಡೀ ಕೋಣೆಗೆ ಕೇಳಿಸುವ ಹಾಗೆ.

ಲಾಯರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಜಾದೂಗಾರ ನಾಚಿ ನೀರಾದ. ಆದರೂ ಮನುಷ್ಯ ಕೆಟ್ಟವನಲ್ಲ. "ಬರ್ಕೊಳ್ಳಿ ಮೇಡಂ," ಎಂದ. "ಅರ್ಧ ಅವಳದ್ದೇ. ನನ್ನ ತಪ್ಪು."

ಪೆಟ್ಟಿಗೆಯಕ್ಕನ ಕಣ್ಣು ತುಂಬಿ ಬಂತು. ಪಾಲು ಸಿಕ್ಕಿದ್ದಕ್ಕಿಂತ ಆ ಮಾತು ಅವನ ಬಾಯಿಂದ ಬಂದದ್ದೇ ಅವಳಿಗೆ ದೊಡ್ಡದಾಗಿತ್ತು.

ಇಬ್ಬರ ಮುಖವನ್ನೂ ನೋಡಿ ಮೇಡಮ್ಮಿಗೆ ಆಸೆ ಹುಟ್ಟಿತು. "ಹಾಗಾದ್ರೆ ಈ ವಿಚ್ಛೇದನ ಯಾಕಮ್ಮಾ ಇನ್ನು? ರಾಜಿಯಾಗಿ ಮನೆಗೆ ಹೋಗಿ."

"ಅಯ್ಯೋ, ವಿಚ್ಛೇದನ ಬೇಕೇ ಬೇಕು ಮೇಡಂ!" ಪೆಟ್ಟಿಗೆಯಕ್ಕ ಕಣ್ಣೊರೆಸಿಕೊಂಡು ನಕ್ಕಳು. "ಗಂಡನಾಗಿ ಇವರು ನನಗೆ ಸಾಕಾಗಿದ್ದಾರೆ. ಪಾಲುದಾರರಾಗಿ ಇರೋದಾದ್ರೆ ನಾಳಿನ ಆಟಕ್ಕೆ ಬರಲಿ. ಆದ್ರೆ ಗರಗಸ ನನ್ನ ಕೈಗೆ, ಪೆಟ್ಟಿಗೆಯಲ್ಲಿ ಇವರು ಮಲಗಲಿ. ಗುಟ್ಟು ಆಗ ಹೇಳ್ಕೊಡ್ತೀನಿ."