ಕೆಂಪು ಚಿಂದಿ ಕಟ್ಟದ ಬಾಗಿಲು

ಸೈನ್ಯ ನಮ್ಮ ಊರನ್ನು ದಾಟಿ ಹೋದ ಮೇಲೆ ನಾಯಿಗಳು ಕೂಡ ಬೊಗಳುವುದನ್ನು ಬಿಟ್ಟಿದ್ದವು. ಅದು ಇಂಗ್ಲೆಂಡಿನ ರಾಜನ ವಿರುದ್ಧ ಎದ್ದಿದ್ದ ನಮ್ಮದೇ ಸೈನ್ಯ. ನ್ಯೂಯಾರ್ಕನ್ನು ಕಳೆದುಕೊಂಡು, ನ್ಯೂಜೆರ್ಸಿಯ ಕೆಸರಿನಲ್ಲಿ ಕಾಲೆಳೆಯುತ್ತ ಡೆಲಾವೇರ್ ನದಿಯ ಕಡೆಗೆ ಹಿಮ್ಮೆಟ್ಟುತ್ತಿತ್ತು. ಎಷ್ಟೋ ಜನ ಬೂಟಿಲ್ಲದ ಕಾಲಿಗೆ ಗೋಣಿ ಸುತ್ತಿಕೊಂಡಿದ್ದರು. ಬೇಲಿಯ ಆಚೆ ನಿಂತು ನೋಡುತ್ತಿದ್ದ ನಮ್ಮಲ್ಲಿ ಯಾರೂ ಜೈಕಾರ ಹಾಕಲಿಲ್ಲ. ಅವರ ಬೆನ್ನಿಗೇ ರಾಜನ ಸೈನ್ಯ ಬರುತ್ತಿದೆ, ಜೊತೆಗೆ ಕೂಲಿಗೆ ತಂದ ಜರ್ಮನ್ ಸಿಪಾಯಿಗಳೂ ಇದ್ದಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆಗ ಊರಿನ ಕಣ್ಣೆಲ್ಲ ಹೊಳೆಯ ದಂಡೆಯ ಗಿರಣಿ ಮನೆಯ ಮೇಲೆ ನೆಟ್ಟಿತ್ತು.

ಗಿರಣಿಯ ಯೋರಿಸ್ ಫಾನ್ ನೆಸ್ಟ್ ಪ್ರಾಂತ್ಯದ ಸಭೆಗೆ ನಾವೇ ಆರಿಸಿ ಕಳಿಸಿದ ಮನುಷ್ಯ. ಹಿಟ್ಟಿನ ಮೂಟೆಯಂಥ ಮೈ, ಗಿರಣಿಯ ಕಲ್ಲು ತಿರುಗುವಾಗಲೂ ಆಚೆಗೆ ಕೇಳಿಸುವಂಥ ನಗು. ರಾಜನ ಗವರ್ನರನನ್ನು ಬಂಧಿಸಬೇಕು ಎಂದು ಆ ಸಭೆ ತೀರ್ಮಾನಿಸಿದಾಗ ಹೌದು ಎಂದವರಲ್ಲಿ ಅವನೂ ಒಬ್ಬ. ಬೇಸಿಗೆಯಲ್ಲಿ ಅವನು ಮನೆಗೆ ಬಂದ ದಿನ ಇಗರ್ಜಿಯ ಗಂಟೆ ಹೊಡೆದು, ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ್ದೆವು. ಈಗ ಅದೇ ಜನ ಅವನ ಗಿರಣಿಯ ದಾರಿಯನ್ನು ಬಿಟ್ಟು ಸುತ್ತುಬಳಸಿ ಓಡಾಡತೊಡಗಿದರು.

ಅಷ್ಟರಲ್ಲಿ ರಾಜನ ಕಡೆಯಿಂದ ಡಂಗುರ ಬಂತು. ನ್ಯೂ ಬ್ರನ್ಸ್‌ವಿಕ್‌ನಲ್ಲಿರುವ ಅಧಿಕಾರಿಯ ಬಳಿ ಹೋಗಿ, ರಾಜನಿಗೆ ನಿಷ್ಠೆ ಎಂದು ರುಜು ಹಾಕಿದವರಿಗೆ ಕ್ಷಮೆ ಸಿಗುತ್ತದೆ. ಮನೆ ಮಠ ಮುಟ್ಟಬಾರದೆಂದು ರಕ್ಷಣೆಯ ಚೀಟಿಯನ್ನೂ ಕೊಡುತ್ತಾರೆ. ಮೊದಲು ಅಂಗಡಿಯವನು ಹೋದ, ಆಮೇಲೆ ಕಮ್ಮಾರ. ಚೀಟಿ ದೂರಕ್ಕೆ ಕಾಣುವುದಿಲ್ಲವಲ್ಲ, ಅದಕ್ಕೆ ರುಜು ಹಾಕಿ ಬಂದವರು ಬಾಗಿಲಿಗೊಂದು ಕೆಂಪು ಬಟ್ಟೆಯ ಚಿಂದಿ, ರಾಜನ ಸಿಪಾಯಿಗಳ ಅಂಗಿಯ ಬಣ್ಣದ್ದು, ಕಟ್ಟತೊಡಗಿದರು. ಹೆಂಗಸರ ಲಂಗಗಳು, ಹಾಸಿಗೆಯ ಅಂಚುಗಳು, ಕೆಂಪಗಿದ್ದದ್ದೆಲ್ಲ ಹರಿದುಹೋಯಿತು. ದಿನ ಕಳೆದಂತೆ ಬೀದಿಗೆ ಬೀದಿಯೇ ಗಾಯವಾದಂತೆ ಕಾಣತೊಡಗಿತು.

ಯೋರಿಸನ ಹೆಂಡತಿ ಫೆಮ್ಮಿಯ ತಮ್ಮ ಟ್ಯೂನಿಸ್ ಒಂದು ಬೆಳಿಗ್ಗೆ ಗಿರಣಿ ಮನೆಗೆ ಓಡಿಬಂದ. ಅವನ ತೋಟ ಗಿರಣಿಯ ಪಕ್ಕದಲ್ಲೇ ಇತ್ತು.

"ಭಾವ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ನಿನ್ನೆ ಹೋಗಿ ರುಜು ಹಾಕಿ ಬಂದೆ. ನೀವೂ ಒಂದು ಗೀಟು ಗೀಚಿ ಬಂದುಬಿಡಿ."

"ಹೋದ ಬೇಸಿಗೇಲಿ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಕುಣಿದೋನು ನೀನೇ ಅಲ್ವೇನೋ?" ಯೋರಿಸ್ ನಗಲು ನೋಡಿದ.

"ಕುಣಿದೆ. ಯಾರು ಇಲ್ಲ ಅಂದ್ರು? ಈಗ ಆ ಕಾಲ ಇಲ್ಲ ಭಾವ."

ಫೆಮ್ಮಿ ತಮ್ಮನ ಮುಂದೆ ಮೆಕ್ಕೆಜೋಳದ ಗಂಜಿಯ ಬಟ್ಟಲು ಕುಕ್ಕಿದಳು. "ಮೊದಲು ತಿನ್ನು. ಹೆದರೋದಾದ್ರೂ ಹೊಟ್ಟೆ ತುಂಬಿಸ್ಕೊಂಡು ಹೆದರು."

"ಅಕ್ಕಾ, ತಮಾಷೆ ಅಲ್ಲ. ಹಿಡಿದ್ರೆ ಭಾವನ್ನ ನೇಣಿಗೇರಿಸ್ತಾರೆ. ಮನೆಗೆ ಬೆಂಕಿ ಇಡ್ತಾರೆ. ಗಾಳಿ ಬೀಸಿದ್ರೆ ನನ್ನ ಕೊಟ್ಟಿಗೆನೂ ಹೋಗತ್ತೆ."

"ಹಾಂ, ಈಗ ಬಂತು ನೋಡು ಬಾಯಿಗೆ. ಕೊಟ್ಟಿಗೆ!"

ಟ್ಯೂನಿಸ್ ಗಂಜಿ ಮುಟ್ಟದೆ ಎದ್ದು ಹೋದ. ಅವನು ಹೋದ ಮೇಲೆ ಯೋರಿಸ್ ಎದ್ದು ಬಾಗಿಲಿಗೆ ಅಗುಳಿ ಹಾಕಿದ.

"ನೀವು ಬೆಟ್ಟದ ಕಾಡಿಗೆ ಹೋಗಿ," ಎಂದಳು ಫೆಮ್ಮಿ. "ಗಂಡಸರನ್ನ ಹುಡುಕ್ಕೊಂಡು ಬರೋರು ಹೆಂಗಸನ್ನ ಏನು ಮಾಡ್ತಾರೆ? ನಿಮ್ಮಮ್ಮ ಹಾಸಿಗೆ ಹಿಡಿದಿದ್ದಾರೆ. ಅವರನ್ನ ಬಿಟ್ಟು ನಾನು ಎಲ್ಲೂ ಬರಲ್ಲ."

"ಫೆಮ್ಮಿ, ಒಂದು ವೇಳೆ ನಾನು..."

"ರುಜು ಮಾತು ಎತ್ತಬೇಡಿ. ನೀವು ಹೌದು ಅಂದಿದ್ದು ಈ ಊರು ನಿಮ್ಮನ್ನ ಕಳಿಸಿದ್ದಕ್ಕೆ. ಊರು ಮರೆತ್ರೆ ಮರೀಲಿ."

ಅವನು ಒಂದು ಕಂಬಳಿ, ಹೊಗೆಯಾಡಿಸಿದ ಹಂದಿಮಾಂಸದ ತುಂಡು ತೆಗೆದುಕೊಂಡು ಗಿರಣಿಯ ಹಿಂಬದಿಯಿಂದ ಹೊರಟ. ಹೊಳೆ ದಾಟುವಾಗ ಹಿಂತಿರುಗಿ ನೋಡಲಿಲ್ಲ.

ಮನೆಯಲ್ಲಿ ಉಳಿದದ್ದು ಫೆಮ್ಮಿ, ಹಾಸಿಗೆ ಹಿಡಿದ ಅತ್ತೆ, ಮತ್ತು ಡಯಾನ್. ಡಯಾನ್ ಆ ಮನೆಯ ಗುಲಾಮಳು. ಯೋರಿಸನ ಅಪ್ಪ ಅವಳ ತಾಯಿಯನ್ನು ಕೊಂಡಿದ್ದ, ಇವಳು ಅಲ್ಲೇ ಹುಟ್ಟಿದವಳು. ಅತ್ತೆಯನ್ನು ಎತ್ತಿ ಕೂರಿಸಿ ಉಣಿಸುವವಳು, ಫೆಮ್ಮಿಯೊಡನೆ ವಾದ ಮಾಡುವವಳು ಅವಳೊಬ್ಬಳೇ.

ಭಾನುವಾರ ಇಗರ್ಜಿಯಲ್ಲಿ ಫೆಮ್ಮಿ ಕೂತ ಬೆಂಚು ಖಾಲಿಯಾಯಿತು. ಒಬ್ಬೊಬ್ಬರಾಗಿ ಎದ್ದು ಹಿಂದಕ್ಕೆ ಹೋಗಿ ಕೂತರು. ಮನೆಗೆ ಬಂದು ನೋಡಿದರೆ ಅವಳ ಬಾಗಿಲಿಗೂ ಒಂದು ಕೆಂಪು ಚಿಂದಿ ಕಟ್ಟಿತ್ತು.

"ಯಾರು ಕಟ್ಟಿದ್ದು?"

"ನಿಮ್ಮ ತಮ್ಮ," ಎಂದಳು ಡಯಾನ್. "ಇರಲಿ ಬಿಡಿ ಅಮ್ಮಾವ್ರೇ. ಚಿಂದಿ ತಾನೇ? ಒಳಗೆ ಮುದುಕಿ ಇದ್ದಾರೆ."

ಫೆಮ್ಮಿಯ ಕೈ ಗಂಟಿನ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತು. ಭಯ ಅವಳಿಗೂ ಇತ್ತು. ಆದರೂ ಗಂಟು ಬಿಚ್ಚಿದಳು. ಚಿಂದಿಯನ್ನು ಮಡಿಸಿ, ಟ್ಯೂನಿಸನ ಬೇಲಿಯ ಮೇಲೆ ಇಟ್ಟು ಬಂದಳು.

ಜರ್ಮನ್ ಸಿಪಾಯಿಗಳು ಬಂದದ್ದು ಮಂಜು ಕವಿದಿದ್ದ ದಿನ. ಮೊದಲು ಕೇಳಿಸಿದ್ದು ತಮಟೆ. ಅದು ಎಷ್ಟು ದೂರದಲ್ಲಿದೆ ಎಂದು ತಿಳಿಯದೆ ಜನ ಬಾಗಿಲು ಹಾಕುವುದೋ ತೆರೆಯುವುದೋ ಎಂದು ನಿಂತೇ ಇದ್ದರು. ಕಮ್ಮಾರ ಚೀಟಿಯನ್ನು ಎದೆಗೆ ಚುಚ್ಚಿಕೊಂಡು ಬೀದಿಯಲ್ಲಿ ನಿಂತ. ಸಿಪಾಯಿಯೊಬ್ಬ ಅದನ್ನು ಕಿತ್ತು, ತಿರುಗಿಸಿ ಮುರುಗಿಸಿ ನೋಡಿ, ಸುರುಳಿ ಸುತ್ತಿ ತನ್ನ ತಂಬಾಕಿನ ಕೊಳವೆಗೆ ಕಿಚ್ಚು ಹಚ್ಚಿಕೊಂಡ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕೆಂಪು ಚಿಂದಿಯ ಅರ್ಥವನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಆ ದಿನ ಅವರು ಲೂಟಿ ಮಾಡದ ಮನೆ ಉಳಿಯಲಿಲ್ಲ; ಕೆಲವಕ್ಕೆ ಬೆಂಕಿಯನ್ನೂ ಇಟ್ಟರು. ಹಾಸಿಗೆಯ ಗರಿ ಬೀದಿಯಲ್ಲಿ ಹಿಮದಂತೆ ಬಿದ್ದಿತ್ತು. ತನ್ನ ದನಗಳಿಗೆ ಅಡ್ಡ ನಿಂತ ಟ್ಯೂನಿಸನನ್ನು ಬಂದೂಕಿನ ಹಿಡಿಯಿಂದ ಹೊಡೆದರು. ಕೊಟ್ಟಿಗೆಯ ಬಾಗಿಲಲ್ಲಿ ಬಿದ್ದಿದ್ದ ತಮ್ಮನನ್ನು ಫೆಮ್ಮಿಯೂ ಡಯಾನಳೂ ಎಳೆದು ಒಳಗೆ ತಂದರು. ಅವನು ಕಣ್ಣು ಬಿಟ್ಟು, "ಅಕ್ಕಾ, ಚೀಟಿ ತೋರಿಸಿದ್ನಲ್ಲಾ... ತೋರಿಸಿದೆ..." ಎಂದು ಅದನ್ನೇ ಹೇಳುತ್ತಿದ್ದ. ಬೆಳಗಾಗುವುದರೊಳಗೆ ತೀರಿಕೊಂಡ.

ಗಿರಣಿ ಮನೆಗೆ ಅವರು ಬೆಂಕಿ ಇಡಲಿಲ್ಲ. ಹಿಟ್ಟು ಬೇಕಾಗಿತ್ತು, ಅದಕ್ಕೆ. ಅಧಿಕಾರಿಯೊಬ್ಬ ಅಲ್ಲೇ ಬಿಡಾರ ಹೂಡಿ ಗಿರಣಿಯ ಕಾಳನ್ನೆಲ್ಲ ಬೀಸಿಸಿಕೊಂಡ. ಅವರು ಹೊರಟ ಬೆಳಿಗ್ಗೆ ಡಯಾನ್ ತನ್ನ ಗಂಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನೀನೂನಾ?" ಎಂದಳು ಫೆಮ್ಮಿ.

"ರಾಜನ ಕಡೆಯೋರ ಜೊತೆ ಹೋದ್ರೆ ಬಿಡುಗಡೆ ಅಂತಾರೆ. ಸುಳ್ಳೋ ನಿಜವೋ, ಹೋಗಿ ನೋಡ್ತೀನಿ."

"ಅವರು ಇಲ್ಲಿ ಮಾಡಿದ್ದನ್ನ ಕಣ್ಣಾರೆ ನೋಡಿದೀಯ."

"ನೋಡಿದೀನಿ. ಯಜಮಾನ್ರು ಸಭೇಲಿ ಸ್ವಾತಂತ್ರ್ಯದ ಬಗ್ಗೆ ಏನು ಮಾತಾಡಿದ್ರು ಅಂತ ಊರೆಲ್ಲ ಹೇಳ್ತಿತ್ತಲ್ಲ, ಅದನ್ನೂ ಕೇಳಿದೀನಿ. ಅದರಲ್ಲಿ ನನ್ನ ಹೆಸರು ಬರಲಿಲ್ಲ ಅಮ್ಮಾವ್ರೇ. ನಿಮ್ಮತ್ತೆಗೆ ಗಂಜಿ ಕುಡಿಸಿದೀನಿ."

ಫೆಮ್ಮಿ ತನ್ನ ಹೆಗಲ ಮೇಲಿದ್ದ ಉಣ್ಣೆಯ ಶಾಲನ್ನು ತೆಗೆದು ಕೊಟ್ಟಳು. ಡಯಾನ್ ಅದನ್ನು ತೆಗೆದುಕೊಂಡಳು, ಧನ್ಯವಾದ ಹೇಳಲಿಲ್ಲ. ಅವಳು ಮುಂದೆ ಏನಾದಳೋ ನಮಗೆ ತಿಳಿಯದು.

ಅದೇ ವಾರ ಯೋರಿಸ್ ಮನೆಗೆ ಬಂದ. ಕಾಡಿನಿಂದಲ್ಲ, ನ್ಯೂ ಬ್ರನ್ಸ್‌ವಿಕ್‌ನ ದಾರಿಯಿಂದ, ಹಾಡುಹಗಲಿನಲ್ಲಿ. ಅದನ್ನು ಕಂಡ ಕೂಡಲೇ ಫೆಮ್ಮಿಗೆ ಗೊತ್ತಾಯಿತು.

"ರುಜು ಹಾಕಿದ್ರಾ?"

"ಊರಿಗೆ ಬೆಂಕಿ ಬಿದ್ದಿದೆ ಅಂದ್ರು. ಬೆಟ್ಟದ ಮೇಲಿಂದ ಹೊಗೆ ಕಾಣ್ತಿತ್ತು. ನೀನು ಬದುಕಿದೀಯೋ ಇಲ್ವೋ ಗೊತ್ತಿರಲಿಲ್ಲ ಫೆಮ್ಮಿ. ಹೆಸರು ಬರೆದ್ರೆ ಮನೆಗೆ ಹೋಗೋಕೆ ಬಿಡ್ತೀವಿ ಅಂದ್ರು ರಾಜನ ಅಧಿಕಾರಿಗಳು." ಅವನ ಕೆನ್ನೆ ಒಳಕ್ಕೆ ಇಳಿದಿತ್ತು, ಕಾಲಿನ ಬೆರಳುಗಳು ಶೀತಕ್ಕೆ ಕಪ್ಪಾಗಿದ್ದವು. "ಬೈದುಬಿಡು."

ಅವಳು ಬೈಯಲಿಲ್ಲ. ಬಿಸಿನೀರು ತಂದು ಅವನ ಕಾಲನ್ನು ಅದರಲ್ಲಿ ಇಟ್ಟಳು. ಆಮೇಲೆ, "ಟ್ಯೂನಿಸ್ ಹೋದ," ಎಂದಳು.

ಕ್ರಿಸ್‌ಮಸ್ ಕಳೆಯುತ್ತಲೇ ಗಾಳಿ ತಿರುಗಿತು. ಓಡಿಹೋಗಿದ್ದ ನಮ್ಮ ಸೈನ್ಯ ಮಂಜುಗಡ್ಡೆ ತೇಲುವ ನದಿಯನ್ನು ಮತ್ತೆ ದಾಟಿ, ಟ್ರೆಂಟನ್ನಿನಲ್ಲಿ ಗೆದ್ದಿತು, ಪ್ರಿನ್ಸ್‌ಟನ್ನಿನಲ್ಲಿ ಗೆದ್ದಿತು. ಬಾಗಿಲ ಚಿಂದಿಗಳೆಲ್ಲ ಒಲೆ ಸೇರಿದವು. ರಾಜನ ಚೀಟಿ ಪಡೆದವರು ಅದನ್ನು ಒಪ್ಪಿಸಿ ಹೊಸ ಪ್ರಮಾಣ ಮಾಡಬೇಕು, ಇಲ್ಲವೇ ಶತ್ರುವಿನ ಕಡೆ ಹೋಗಬೇಕು ಎಂದು ನಮ್ಮ ಸೇನಾಪತಿಯ ಆಜ್ಞೆ ಬಂತು. ಯೋರಿಸ್ ಹೋಗಿ ಅದನ್ನೂ ಮಾಡಿ ಬಂದ. ನಾವೂ ಮಾಡಿದೆವು. ಆದರೆ ನಮ್ಮನ್ನು ನಾವು ಕ್ಷಮಿಸಿಕೊಂಡಷ್ಟು ಸುಲಭವಾಗಿ ಅವನನ್ನು ಕ್ಷಮಿಸಲಿಲ್ಲ. "ನಾವು ಬಡ ಒಕ್ಕಲು, ಅವನು ಸಭೆಯ ಮನುಷ್ಯ," ಎನ್ನುತ್ತಿದ್ದೆವು. ಸಭೆಗೆ ಬೇರೆಯವನನ್ನು ಆರಿಸಿದೆವು.

ರಾಜನ ಸೈನ್ಯ ಪೂರ್ತಿ ಹೋಗಿರಲಿಲ್ಲ. ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹಾಗೇ ಬೀಡು ಬಿಟ್ಟಿತ್ತು. ವಸಂತದಲ್ಲಿ ಒಂದು ಮಧ್ಯಾಹ್ನ ಕುದುರೆಗಳ ಸದ್ದಾಯಿತು. ಯೋರಿಸ್ ಬಂದವರು ಯಾವ ಕಡೆಯವರೆಂದು ನೋಡದೆಯೇ ಅಂಗಳಕ್ಕೆ ಇಳಿದು, ಟೋಪಿ ತೆಗೆದು ತಲೆ ತಗ್ಗಿಸಿ ನಿಂತ. ಬಂದವರು ನಮ್ಮ ದಳದವರೇ, ಗೋಧಿಯ ಮೂಟೆಗಳೊಂದಿಗೆ ಬಂದಿದ್ದರು. ಅವರ ನಾಯಕ ಯೋರಿಸನ ತಲೆಯ ಮೇಲಿಂದ ನೋಡುತ್ತ ಬಾಗಿಲಲ್ಲಿದ್ದ ಫೆಮ್ಮಿಯನ್ನು ಕೇಳಿದ.

"ಅಮ್ಮಾ, ಇದನ್ನ ಬೀಸಿಕೊಡ್ತೀರಾ?"

"ಗಿರಣಿ ಅವರದ್ದು. ಅವರನ್ನ ಕೇಳಿ."

"ನಿಮ್ಮನ್ನ ಕೇಳ್ತಿದೀನಿ."

"ಹಾಗಾದ್ರೆ ಬೇರೆ ಗಿರಣಿ ನೋಡ್ಕೊಳ್ಳಿ."

ಕುದುರೆಗಳು ನೆಲ ಕೆರೆಯುತ್ತಿದ್ದವು. ನಾಯಕನ ಮುಖ ಕೆಂಪಾಯಿತು. ಯಾರಿಗೂ ಹೊರಟುಹೋಗಲು ಮನಸ್ಸಿಲ್ಲ, ಇಳಿಯಲೂ ಮನಸ್ಸಿಲ್ಲ. ಕೊನೆಗೆ ಯೋರಿಸನೇ ಹತ್ತಿರ ಹೋಗಿ, ಯಾರ ಮುಖವನ್ನೂ ನೋಡದೆ ಒಂದು ಮೂಟೆಯನ್ನು ಹೆಗಲಿಗೆ ಏರಿಸಿಕೊಂಡು ಗಿರಣಿಯೊಳಗೆ ನಡೆದ. ಸ್ವಲ್ಪ ಹೊತ್ತಿಗೆ ನೀರು ಬಿಟ್ಟ ಸದ್ದು ಕೇಳಿಸಿತು, ಕಲ್ಲು ತಿರುಗತೊಡಗಿತು. ಫೆಮ್ಮಿ ಬಾಗಿಲು ಬಿಟ್ಟು ಕದಲಲಿಲ್ಲ. ಕೊನೆಯ ಮೂಟೆ ಬೀಸಿ ಆಗುವವರೆಗೂ ಆ ಸವಾರರನ್ನು ನೋಡುತ್ತ ಅಲ್ಲೇ ನಿಂತಿದ್ದಳು.